ಎಡಗಡೆಯ ಆಸನ ಬಿಟ್ಟುಕೊಟ್ಟವರು

ನೈರೋಬಿಯಿಂದ ಉತ್ತರದ ಬಿಸಿಲುಸೀಮೆಗೆ ಸಣ್ಣ ವಿಮಾನಗಳನ್ನು ಹಾರಿಸಿದವರಲ್ಲಿ ಕ್ಯಾಪ್ಟನ್ ಮುಸೆಂಬಿ ಕಿಥೆಕಾ ಅವರಷ್ಟೇ ನುರಿತ ಬೇರೆಯವರೂ ಇರಬಹುದು. ಆದರೆ ಪಕ್ಕದಲ್ಲಿ ಕುಳಿತ ಕಿರಿಯ ಸಹಚಾಲಕರ ಹಸಿವು, ನಿದ್ದೆಗಳೂ ಪ್ರಯಾಣಿಕರ ಸುರಕ್ಷತೆಗೆ ಸೇರಿದವೆಂದು ನಂಬಿ, ಆ ನಂಬಿಕೆಗೆ ತಮ್ಮ ಹಾರಾಟವನ್ನೇ ತೆತ್ತವರು ನಾನು ಕಂಡಂತೆ ಅವರೊಬ್ಬರೇ.

ನಾನು ಹಾರಲು ಕಲಿತದ್ದು ಕಿಸುಮುವಿನಲ್ಲಿ ಮೀನು ಮಾರುವ ನನ್ನಮ್ಮ ತನ್ನ ಎರಡೂ ದೋಣಿಗಳನ್ನು ಮಾರಿ ಕೊಟ್ಟ ಹಣದಿಂದ. ಕೆಲಸ ಕೊಟ್ಟ ಕಂಪನಿ ತನ್ನ ವಿಮಾನದ ತರಬೇತಿಗೂ ನಮ್ಮಿಂದಲೇ ಹಣ ಪಡೆಯುತ್ತಿತ್ತು. ಬಂದ ಸಂಬಳ ಬಾಡಿಗೆಗೇ ಸರಿಹೋಗುತ್ತಿತ್ತು. ರಜೆ ಹಾಕಿದ ದಿನಕ್ಕೆ ಸಂಬಳವಿರಲಿಲ್ಲ. ಹಾರಾಟ ಮುಗಿಸಿ ಚಿಕ್ಕಮ್ಮನ ಹೋಟೆಲಿನಲ್ಲಿ ಮೀನು ಹುರಿಯುತ್ತಿದ್ದ ನನಗೆ, ಹೆಂಡತಿ ಹೆಚ್ಚು ಬೇಯಿಸಿಬಿಟ್ಟಳೆಂಬ ನೆಪ ಹೇಳಿ ಕ್ಯಾಪ್ಟನ್ ಅವರು ಜೋಳ-ಅವರೆಯ ಡಬ್ಬಿಯನ್ನು ಪ್ರತಿದಿನ ಕೊಡುತ್ತಿದ್ದರು.

ಒಂದು ಬೆಳಿಗ್ಗೆ ಮಲೇರಿಯಾ ಜ್ವರದಲ್ಲೇ ಕೆಲಸಕ್ಕೆ ಹೋದೆ. ಪ್ರಯಾಣಿಕರು ಹತ್ತಿಯಾಗಿತ್ತು, ಎಂಜಿನ್ ಶುರುವಾಗಿತ್ತು. ಹಾರುವ ಮುನ್ನ ಓದಬೇಕಾದ ತಪಾಸಣಾ ಪಟ್ಟಿಯ ಒಂದೇ ಸಾಲನ್ನು ನಾನು ಎರಡು ಸಲ ಓದಿದೆ. ಕ್ಯಾಪ್ಟನ್ ನನ್ನ ಹಣೆ ಮುಟ್ಟಿ ನೋಡಿ, ಎಂಜಿನ್ ನಿಲ್ಲಿಸಿದರು.

"ರಜೆ ಹಾಕಿದ್ರೆ ಸಂಬಳ ಹಿಡೀತಾರೆ ಅಂತ ತಾನೆ ಬಂದಿದ್ದು, ಅಪಿಯೊ?"

ಅಷ್ಟರಲ್ಲಿ ಕಂಪನಿಯ ಮಾಲೀಕರು ವಿಮಾನದ ಬಳಿಗೇ ಬಂದರು.

"ಈ ಸೀಟಿಗೆ ದುಡ್ಡು ಹಿಡ್ಕೊಂಡು ಹತ್ತು ಜನ ಕಾಯ್ತಿದ್ದಾರೆ, ಕ್ಯಾಪ್ಟನ್ರೇ. ಹಾರಿಸ್ತೀರೋ ಇಲ್ವೋ?"

"ಹಂಗಾದ್ರೆ ನನ್ನ ಸೀಟಿಗೂ ಒಬ್ಬನ್ನ ನೋಡ್ಕೊಳ್ಳಿ. ಜ್ವರ ಬಂದ ಮಗೂನ ಪಕ್ಕ ಕೂರಿಸ್ಕೊಂಡು ಹಿಂದಿರೋರ ಜೀವದ ಜೊತೆ ನಾನು ಆಟ ಆಡಲ್ಲ."

ಅಂದು ವಿಮಾನ ಏಳಲಿಲ್ಲ. ಮರುದಿನ ಹಿರಿಯ ಚಾಲಕರೆಲ್ಲ ಅವರ ಬೆನ್ನಿಗೆ ನಿಂತು, ಕಾಯಿಲೆಯ ರಜೆಗೆ ಸಂಬಳ ಕೊಡದೆ ಹಾರುವುದಿಲ್ಲವೆಂದರು. ಮಾಲೀಕರು ಒಪ್ಪಿದರು. ಆದರೆ ಕ್ಯಾಪ್ಟನ್ ಕಿಥೆಕಾರನ್ನು ಕ್ಷಮಿಸಲಿಲ್ಲ. ವಿಮಾನದಿಂದಿಳಿಸಿ ಹೊಸ ಚಾಲಕರಿಗೆ ಪಾಠ ಹೇಳುವ ತಗಡು ಛಾವಣಿಯ ಕೋಣೆಗೆ ಹಾಕಿದರು. ನಿವೃತ್ತಿಯವರೆಗೂ ಅವರು ಅಲ್ಲೇ ಉಳಿದರು. ಬೇರೆ ಕಂಪನಿಗಳು ಕರೆದಾಗ, ಹೊಸಬರನ್ನು ಯಾರ ಕೈಗೆ ಬಿಟ್ಟು ಹೋಗಲಿ ಎಂದರಂತೆ. ಪಾಠದ ನಡುವೆ ವಿಮಾನವೊಂದು ಮೇಲೇರಿದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಸದ್ದು ಪೂರ್ತಿ ಕರಗಿದ ಮೇಲಷ್ಟೇ ಮುಂದುವರಿಯುತ್ತಿದ್ದರು.

ಈಗ ನಾನೂ ಕ್ಯಾಪ್ಟನ್, ಎಡಗಡೆಯ ಆಸನದಲ್ಲಿ ಕೂರುವವಳು. ಕಳೆದ ತಿಂಗಳು, ಪ್ರಯಾಣಿಕರಾಗಿಯಾದರೂ ನನ್ನೊಡನೆ ಉತ್ತರದ ಲೋಡ್ವಾರಿಗೆ ಬನ್ನಿ ಎಂದು ಅವರನ್ನು ಕೇಳಿಕೊಂಡೆ. ಅವರು ನಕ್ಕರು.

"ಬೇಡಮ್ಮ. ಹಿಂದೆ ಕೂತ್ರೆ ಕೈ ಎಲ್ಲಿಡ್ಬೇಕು ಅಂತ ನಂಗೆ ಗೊತ್ತಾಗಲ್ಲ."

ಮಚಾಕೋಸಿನ ತಮ್ಮ ಮನೆಯ ಜಗಲಿಯಲ್ಲಿ, ಹಣವಿಲ್ಲದ ಮಕ್ಕಳಿಗೆ ಅವರು ಆರಂಭಿಸಿರುವ ಪಾಠ ಬಹುಕಾಲ ನಡೆಯಲಿ. ಅದಕ್ಕೆ ಬೇಕಾದ ಆಯುಸ್ಸೂ ಆರೋಗ್ಯವೂ ಅವರಿಗಿರಲಿ. ನನ್ನ ಸ್ವಂತದ ಆಸೆ ಈಡೇರುವಂಥದ್ದಲ್ಲ, ಈ ವಯಸ್ಸಿನಲ್ಲಿ ಅವರು ಮತ್ತೆ ವಿಮಾನ ಹಾರಿಸಲು ನಿಯಮ ಬಿಡುವುದಿಲ್ಲ. ಆದರೂ ತುರ್ಕಾನ ಸರೋವರದ ಹಸಿರು ದೂರದಲ್ಲಿ ಮೊದಲು ಕಾಣುವಾಗ, ಅವರು ಪಕ್ಕದಲ್ಲಿರಬೇಕಿತ್ತು ಅನ್ನಿಸುತ್ತದೆ. ಪ್ರತಿ ಸಲವೂ ಅನ್ನಿಸುತ್ತದೆ.