ಪೊಟ್ಟಣ ಕಟ್ಟುವ ಕಾಗದ

ನನ್ನ ಸೋದರತ್ತೆಗೆ ಊರಲ್ಲಿ ಮೊಳೆಯಮ್ಮ ಎಂದೇ ಹೆಸರು. ಮೊಳೆ, ತಿರುಪು, ಚಿಲಕ, ಸರಪಳಿ ಮಾರುವ ಅಂಗಡಿ ಅವಳದು. ಮಾವ ಇದ್ದಾಗ ಹೆಸರಿಗೆ ಅವರದಾಗಿತ್ತು, ಬೀಗದ ಕೈ ಮಾತ್ರ ಆಗಲೂ ಅತ್ತೆಯ ಸೊಂಟದಲ್ಲೇ. ಗೋಡೆಯುದ್ದಕ್ಕೂ ಮರದ ಖಾನೆಗಳು. ಒಳಗೇನಿದೆ ಎಂದು ತಿಳಿಯಲು ಪ್ರತಿ ಖಾನೆಯ ಮುಖಕ್ಕೂ ಅದೇ ಸಾಮಾನಿನ ಒಂದು ತುಂಡನ್ನು ಬಡಿದಿದ್ದರು. ಗಲ್ಲಾದ ಪಕ್ಕ ಪೊಟ್ಟಣ ಕಟ್ಟಲು ಎದೆಯೆತ್ತರ ಹಳೆಯ ಪತ್ರಿಕೆಗಳು. ಅದರಲ್ಲಿ ನಮ್ಮೂರಿನ ವಾರಪತ್ರಿಕೆ ಬಿಟ್ಟು ಬೇರೊಂದು ಹಾಳೆ ಇರುತ್ತಿರಲಿಲ್ಲ. ಅತ್ತೆ ಆ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಮುಗಿಸುತ್ತಿದ್ದಳು.

ಪತ್ರಿಕೆಯೇನೂ ಸಾಮಾನ್ಯದ್ದಲ್ಲ. ಈಗಿನ ಸಂಪಾದಕರ ತಂದೆ ಹಳೆಯ ಕುದುರೆ ಲಾಯವೊಂದನ್ನು ಬಾಡಿಗೆಗೆ ಹಿಡಿದು, ಕಾಲಲ್ಲಿ ತುಳಿಯುವ ಯಂತ್ರವಿಟ್ಟು ಶುರು ಮಾಡಿದ್ದು. ಪ್ರತಿ ಶನಿವಾರ ನಾಲ್ಕು ಪುಟ. ಹೆಸರಿನ ಕೆಳಗೆ ‘ಕಂಡದ್ದನ್ನೇ ಬರೆಯುತ್ತೇವೆ’ ಎಂಬ ಸಾಲು. ಯುದ್ಧಕಾಲದಲ್ಲಿ ಕಾಗದ ಸಿಗದೆ ಬಟ್ಟೆ ಅಂಗಡಿಯ ಹಳದಿ ಹಾಳೆಯ ಮೇಲೆ ಅಚ್ಚಾಯಿತೇ ಹೊರತು ಒಂದು ವಾರವೂ ತಪ್ಪಲಿಲ್ಲ. ಮದುವೆ, ಸಾವು, ಧಾರಣೆ, ಬಾವಿಗೆ ಬಿದ್ದ ಎಮ್ಮೆ, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಜನ ಅದನ್ನು ‘ಶನಿವಾರ’ ಎಂದು ಕರೆಯುತ್ತಿದ್ದರು. ಅತ್ತೆ ‘ವಾರ’ ಬಿಟ್ಟು ಉಳಿದದ್ದನ್ನಷ್ಟೇ ಹೇಳುತ್ತಿದ್ದಳು.

ನನ್ನ ಅಜ್ಜ, ಅಂದರೆ ಅತ್ತೆಯ ಅಪ್ಪ, ಮರದ ಡಿಪೋದ ಕಾವಲುಗಾರ. ಅತ್ತೆ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಒಂದು ಬೆಳಗಿನ ಜಾವ ಡಿಪೋಗೆ ಬೆಂಕಿ ಬಿತ್ತು. ಆ ವಾರದ ಪತ್ರಿಕೆಯ ಮೊದಲ ಪುಟದಲ್ಲೇ ಬಂತು: ಕಾವಲುಗಾರ ಕುಡಿದು ಮಲಗಿದ್ದ, ಅವನ ಬೀಡಿಯಿಂದಲೇ ಬೆಂಕಿ. ಅಜ್ಜ ಜೀವಮಾನದಲ್ಲಿ ಕುಡಿದವರಲ್ಲ. ಅಷ್ಟಕ್ಕೂ ಅವರು ಡಿಪೋದಲ್ಲೇ ಇರಲಿಲ್ಲ. ಡಿಪೋದ ಸಾಹುಕಾರನನ್ನು ಕೇಳಿ ರಜೆ ಪಡೆದು, ಹೆರಿಗೆ ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದರು. ಅಂದು ಹುಟ್ಟಿದ ಮಗು ನನ್ನ ಅಪ್ಪ. ಬದಲಿ ಕಾವಲುಗಾರನನ್ನೇ ಇಡದಿದ್ದ ಸಾಹುಕಾರನಿಗೆ ತಪ್ಪು ಹೊರಿಸಲು ಒಂದು ತಲೆ ಬೇಕಿತ್ತು. ಪತ್ರಿಕೆಯ ಕೊನೆಯ ಪುಟದಲ್ಲಿ ವಾರವಾರವೂ ಅವನ ಜಾಹೀರಾತು ಇರುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ನಾನು ಅತ್ತೆಯ ಪಕ್ಷ. ಎರಡೂ ಕಡೆಯ ಮಾತು ಬೇಕಾದವರು ಬೇರೆಯವರನ್ನು ಕೇಳಿಕೊಳ್ಳಬಹುದು.

ಅಜ್ಜ ಮಗಳ ಕೈ ಹಿಡಿದು ಪತ್ರಿಕೆಯ ಕಚೇರಿಗೆ ಹೋದರು. ಒಂದೇ ಒಂದು ಸಾಲು ಹಾಕಿ, ಅದು ನಾನಲ್ಲ ಅಂತ, ಎಂದು ಬಾಗಿಲ ಹೊರಗೇ ನಿಂತು ಕೇಳಿದರು. ಆಗಷ್ಟೇ ತಂದೆಯ ಕುರ್ಚಿ ಏರಿದ್ದ ಸಂಪಾದಕರು ತಲೆ ಎತ್ತಲಿಲ್ಲ.

“ತಿದ್ದುಪಡಿ ಹಾಕೋ ಪದ್ಧತಿ ನಮ್ಮಲ್ಲಿಲ್ಲಪ್ಪ. ಯಾಕಿಷ್ಟು ತಲೆ ಕೆಡಿಸ್ಕೋತೀಯ? ಮುಂದಿನ ವಾರಕ್ಕೆ ಅದು ಪೊಟ್ಟಣ ಕಟ್ಟೋ ಕಾಗದ.”

ಹಾಗಾಗಲಿಲ್ಲ. ಅಜ್ಜನಿಗೆ ಮತ್ತೆ ಯಾರೂ ಕಾವಲು ಕೆಲಸ ಕೊಡಲಿಲ್ಲ. ಅವರು ದೊಡ್ಡ ಬೀದಿ ಬಿಟ್ಟು ಹಿತ್ತಿಲ ಓಣಿಗಳಲ್ಲಿ ಓಡಾಡತೊಡಗಿದರು, ಆಮೇಲೆ ಅದೂ ನಿಂತಿತು. ನನ್ನ ಅಪ್ಪನನ್ನು ಶಾಲೆಯಲ್ಲಿ ಕುಡುಕನ ಮಗ ಎಂದೇ ಕರೆದರು. ಅಜ್ಜ ಸತ್ತಾಗ ಪತ್ರಿಕೆಯಲ್ಲಿ ಎರಡು ಸಾಲು ಬಂತು. ಅದರಲ್ಲೂ ಡಿಪೋದ ಬೆಂಕಿಯ ಮಾತು ಬಿಡಲಿಲ್ಲ. ಅತ್ತೆ ಅಳಲಿಲ್ಲವಂತೆ. ಕಾಗದ ಅಂದರಲ್ಲ, ಕಾಗದವನ್ನೇ ಮಾಡುತ್ತೇನೆ ಅಂದಳಂತೆ.

ಮದುವೆಯಾಗಿ ಮೊಳೆ ಅಂಗಡಿಗೆ ಬಂದವಳು ಮಾಡಿದ ಮೊದಲ ಕೆಲಸ ರದ್ದಿಯವನನ್ನು ಕರೆದು ಮಾತಾಡಿದ್ದು. ಊರಿನ ಯಾವ ಮನೆಯ, ಯಾವ ವಾಚನಾಲಯದ ‘ಶನಿವಾರ’ ಬಿದ್ದರೂ ಅದು ಅವಳ ಅಂಗಡಿಗೇ ಬರಬೇಕು. ಬಂದದ್ದನ್ನು ಅವಳು ಹರಿಯುವುದನ್ನೇ ನೋಡಬೇಕಿತ್ತು. ಸಂಪಾದಕೀಯವಿದ್ದರೆ ನಟ್ಟನಡುವೆ ಸೀಳು. ಸಂಪಾದಕರ ಭಾವಚಿತ್ರವಿದ್ದರೆ ಮೂರಿಂಚಿನ ಮೊಳೆಗೇ ಮೀಸಲು, ತುದಿ ಸರಿಯಾಗಿ ಮೂಗಿನಿಂದ ಹೊರಬರುವ ಹಾಗೆ ಸುತ್ತುತ್ತಿದ್ದಳು. ಅಂಥ ದಿನ ಅವಳಿಗೆ ಒಂದು ತುತ್ತು ಹೆಚ್ಚೇ ಸೇರುತ್ತಿತ್ತು. ಒಂದು ಸಂಚಿಕೆಯನ್ನು ಮಾತ್ರ ಹರಿಯುತ್ತಿರಲಿಲ್ಲ. ಬೆಂಕಿಯ ಸುದ್ದಿ ಬಂದ ವಾರದ್ದು ಕಂಡರೆ ಮಡಚಿ ಒಳಗಿನ ಕಬ್ಬಿಣದ ಪೆಟ್ಟಿಗೆಗೆ ಹಾಕುತ್ತಿದ್ದಳು. ಅದರಲ್ಲಿ ಪೊಟ್ಟಣ ಕಟ್ಟಿದರೆ ತನ್ನ ಅಪ್ಪನ ಮೇಲಿನ ಸುಳ್ಳು ಇನ್ನೊಂದು ಮನೆ ಹೊಗುತ್ತದಲ್ಲ.

ಕಚೇರಿಯ ಸ್ವಂತ ಪ್ರತಿಗಳೂ ಅವಳ ಕೈಗೆ ಬಂದದ್ದು ಸಂಪಾದಕರ ಮಗನ ಕೃಪೆ. ಹೊಸ ಯಂತ್ರ ಇಡಲು ಜಾಗ ಬೇಕೆಂದು ಅವನು ತಂದೆ ಊರಲ್ಲಿಲ್ಲದಾಗ ಹಳೆಯ ಕೋಣೆಯನ್ನು ಗುಡಿಸಿ ರದ್ದಿಯವನಿಗೆ ಹಾಕಿದ. ರಟ್ಟು ಕಟ್ಟಿದ ಸಂಪುಟಗಳು ಕೈಗಾಡಿಯಲ್ಲಿ ನಮ್ಮ ಅಂಗಡಿಯ ಮುಂದೆ ಬಂದು ನಿಂತವು. ಅತ್ತೆ ಅವನ್ನು ಇಳಿಸಿಕೊಳ್ಳುವಾಗ ಹಾಡು ಗುನುಗುತ್ತಿದ್ದಳು. ಅವಳು ಹಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಪತ್ರಿಕೆಗೆ ನೂರು ತುಂಬಿತು. ಪುರಭವನದಲ್ಲಿ ಹಳೆಯ ಸಂಚಿಕೆಗಳ ಪ್ರದರ್ಶನವೆಂದು ಊರೆಲ್ಲ ಸಾರಿ ಆದ ಮೇಲೆ ನೋಡಿದರೆ, ಹೊಸ ಯಂತ್ರ ಬರುವುದಕ್ಕೆ ಹಿಂದಿನದು ಒಂದೂ ಇಲ್ಲ. ಆ ಸಂಪುಟಗಳೆಲ್ಲ ಆಗಲೇ ಪೊಟ್ಟಣಗಳಾಗಿ ಮುಗಿದಿದ್ದವು. ರದ್ದಿಯವನ ಜಾಡು ಹಿಡಿದು ಸಂಪಾದಕರೇ ಮಗನ ತೋಳಿಗಾತು ಅಂಗಡಿಗೆ ಬಂದರು. ಎಂಬತ್ತು ದಾಟಿದ ಮನುಷ್ಯ. ಗಿರಾಕಿಗಳ ಸ್ಟೂಲಿನಲ್ಲಿ ಕೂತು ಸುಧಾರಿಸಿಕೊಂಡರು. ಅತ್ತೆಯ ಗುರುತು ಹಿಡಿಯಲಿಲ್ಲ.

“ಒಂದಾದ್ರೂ ಉಳಿದಿದ್ರೆ ಕೊಡಿ ತಾಯಿ. ಯಾವುದಾದ್ರೂ ಸರಿ.”

ಅತ್ತೆ ಒಂದಿದೆ ಎಂದು ಒಳಗೆ ಹೋಗಿ ಪೆಟ್ಟಿಗೆಯಿಂದ ತಂದು ಗಲ್ಲಾದ ಮೇಲೆ ಹಾಸಿದಳು. ಹಳೆಯ ಅಚ್ಚು ಕಂಡು ಅವರ ಮುಖ ಅರಳಿತು. ಭೂತಗನ್ನಡಿ ತೆಗೆದು ಓದತೊಡಗಿದರು. ಆ ಕಾವಲುಗಾರನ ನೆನಪಿದೆಯೇ ಎಂದು ಅತ್ತೆ ಕೇಳಿದಳು.

“ಯಾವ ಕಾವಲುಗಾರ?”

ಅವರು ವಾದಿಸಬಹುದು, ಸಬೂಬು ಹೇಳಬಹುದು ಎಂದೆಲ್ಲ ಅತ್ತೆ ಲೆಕ್ಕ ಹಾಕಿದ್ದಳು. ಮರೆತೇಹೋಗಿರುತ್ತದೆ ಎಂದುಕೊಂಡಿರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಅವಳು ಮಾತ್ರ ದನಿ ಏರಿಸದೆ ಎಲ್ಲವನ್ನೂ ಹೇಳಿದಳು, ರಜೆ ಕೇಳಿದ್ದು, ಹೆರಿಗೆ, ಕಚೇರಿಯ ಬಾಗಿಲು. ಅಂದು ಹುಟ್ಟಿದವನ ಮಗಳು ಇವಳೇ ಎಂದು ನನ್ನನ್ನು ತೋರಿಸಿದಳು.

ಸಂಪಾದಕರು ಭೂತಗನ್ನಡಿ ಕೆಳಗಿಟ್ಟರು. “ನಾನು ಅಲ್ಲಿಗೆ ಹೋಗೇ ಇರ್ಲಿಲ್ಲಮ್ಮ. ಸಾಹುಕಾರ್ರು ಹೇಳಿದ್ರು, ಬರೆದೆ.”

ಕಂಡದ್ದನ್ನೇ ಬರೆಯುತ್ತೇವೆ ಎಂಬ ಸಾಲು ಅವರ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ಈ ಶನಿವಾರ ಮೊದಲ ಪುಟದಲ್ಲೇ ತಿದ್ದುಪಡಿ ಹಾಕುತ್ತೇನೆ ಎಂದರು. ಅತ್ತೆ ತಲೆಯಾಡಿಸಿದಳು.

“ಬೇಡ. ಅದು ಮುಂದಿನ ವಾರಕ್ಕೆ ಏನಾಗುತ್ತೆ ಅಂತ ನೀವೇ ಹೇಳಿದ್ರಿ. ಇದನ್ನೇ ಗಾಜು ಹಾಕಿಸಿ ಗೋಡೆಗೆ ಹಾಕಿ. ಕೆಳಗೆ ನಿಮ್ಮ ಕೈಯಲ್ಲೇ ಬರೀರಿ, ಇದು ಸುಳ್ಳು, ಬರೆದವನು ನಾನು ಅಂತ. ಆಗಲ್ಲ ಅಂದ್ರೆ ಜನಕ್ಕೆ ಖಾಲಿ ಗೋಡೆ ತೋರಿಸಿ.”

ಮಗ ರೇಗಿದ. ಮರ್ಯಾದೆ ಏನಾಗಬೇಕು ಎಂದ. ಮರ್ಯಾದೆ ಹೋದರೆ ಏನಾಗುತ್ತದೆ ಎಂದು ನಮ್ಮ ಮನೆಯವರನ್ನು ಕೇಳು ಎಂದಳು ಅತ್ತೆ. ಮುದುಕ ಕೋಲೂರಿ ಎದ್ದು ಹಾಳೆಯನ್ನು ಮಡಚಿಕೊಂಡರು. ಗಾಜಿನ ಚೌಕಟ್ಟು ತಡೆಯುವಂಥ ಒಂದು ಗಟ್ಟಿ ಮೊಳೆ ಕೊಡಿ ಎಂದರು. ಅತ್ತೆ ಖಾನೆ ತಡಕಿ ಒಳ್ಳೆಯದನ್ನೇ ಆರಿಸಿ, ಕಾಗದ ಸುತ್ತದೆ ಅವರ ಅಂಗೈಗೆ ಹಾಕಿದಳು.

ಪುರಭವನದ ಒಂದು ಗೋಡೆಯ ತುಂಬ ಬಣ್ಣಬಣ್ಣದ ಹೊಸ ಸಂಚಿಕೆಗಳು. ಎದುರಿನ ಉದ್ದನೆಯ ಗೋಡೆಯಲ್ಲಿ ‘ನಮ್ಮ ಪರಂಪರೆ’ ಎಂಬ ದೊಡ್ಡ ಫಲಕ, ಅದರ ಕೆಳಗೆ ಒಂದೇ ಒಂದು ಚೌಕಟ್ಟು, ನಡುಗುವ ಅಕ್ಷರದಲ್ಲಿ ಅತ್ತೆ ಹೇಳಿದ ಮಾತು, ರುಜು. ಅಪ್ಪ ಅದನ್ನು ಓದಿ ಬೇಗ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಪ್ರದರ್ಶನ ಮುಗಿಯುವವರೆಗೂ ಕಾವಲು ಕೂತಳು. ಓದದೆ ಮುಂದೆ ಹೋದವರನ್ನು ವಾಪಸ್ ಕರೆದು ಓದಿಸಿದಳು. ಕ್ಷಮಿಸಿದೆಯಾ ಎಂದು ದಾರಿಯಲ್ಲಿ ಕೇಳಿದೆ. ಕ್ಷಮಿಸಲು ನಾನೇನು ದೇವರಾ ಎಂದಳು.

ಮರುದಿನ ಅಂಗಡಿ ತೆರೆದವಳು ಕಬ್ಬಿಣದ ಪೆಟ್ಟಿಗೆಯನ್ನು ಎಳೆದು ತಂದು, ಅದರಲ್ಲಿದ್ದ ಪ್ರತಿಗಳನ್ನೆಲ್ಲ ಗಲ್ಲಾದ ಪಕ್ಕ ಪೇರಿಸಿದಳು. ಮೊದಲ ಗಿರಾಕಿಯಾಗಿ ಬಡಗಿ ಬಂದು ತಿರುಪು ಕೇಳಿದ. ಅತ್ತೆ ಮೇಲಿನ ಪ್ರತಿ ತೆಗೆದು, ಡಿಪೋದ ಬೆಂಕಿಯ ಸುದ್ದಿಯ ನಡುವೆಯೇ ಪರ್‍ರೆಂದು ಹರಿದು, ತಿರುಪು ಸುರಿದು ಬಿಗಿಯಾಗಿ ದಾರ ಸುತ್ತಿದಳು. ಇದೇನು ಇಷ್ಟು ಹಳೇ ಪೇಪರು ಎಂದು ಬಡಗಿ ಪೊಟ್ಟಣವನ್ನು ತಿರುಗಿಸಿ ನೋಡಿದ.

“ಏನಿಲ್ಲಪ್ಪ, ಪೊಟ್ಟಣ ಕಟ್ಟೋ ಕಾಗದ,” ಎಂದಳು ಅತ್ತೆ.