ಪಾದದ ಮೇಲೆ ಎರಡು ಬೆರಳು

ಕಲಬುರಗಿ ಸೀಮೆಯ ಶುಶ್ರೂಷಾ ಕ್ಷೇತ್ರದಲ್ಲಿ ಪದವಿಗಿಂತ ಕೈಗುಣದಿಂದಲೇ ಹೆಸರಾದವರು ಶ್ರೀಮತಿ ಪಂಚಶೀಲಾ ಅವರು. ಅಫಜಲಪುರದಲ್ಲಿ ಸೇವೆ ಆರಂಭಿಸಿ, ಜೇವರ್ಗಿಯಲ್ಲಿ ಹನ್ನೆರಡು ವರ್ಷ ದುಡಿದು, ಇದೀಗ ಆಳಂದ ತಾಲೂಕಿನಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಮೂರೂ ಕಡೆಯ ಜನ 'ಸಿಸ್ಟರ್' ಎಂದಷ್ಟೇ ಕರೆಯುತ್ತಾರೆ. ವೈದ್ಯನಾದ ನಾನು ಅವರಿಂದ ಕಲಿತದ್ದು ಒಂದು ಪದದ ಅರ್ಥ. ಅದನ್ನು ಕಾಲೇಜಿನಲ್ಲೇ ಕಲಿಯಬೇಕಿತ್ತು, ಕಲಿತಿರಲಿಲ್ಲ.

ಆರ್ಟೀರಿಯೋಪತಿ ಎಂದರೆ ಅಪಧಮನಿಗಳು, ಅಂದರೆ ಹೃದಯದಿಂದ ಮೈಗೆ ರಕ್ತ ಒಯ್ಯುವ ನಾಳಗಳು, ರೋಗಕ್ಕೀಡಾದ ಸ್ಥಿತಿ. ಅದು ಒಂದೇ ಕಾಯಿಲೆಯ ಹೆಸರಲ್ಲ. ಸಕ್ಕರೆಯಿಂದಲೋ ತಂಬಾಕಿನಿಂದಲೋ, ಕಾಲಿನಲ್ಲೋ ಮಿದುಳಿನಲ್ಲೋ ಎಂದು ಬಿಡಿಸಿ ಹೇಳದಿದ್ದರೆ ರೋಗಿಗೆ ಏನೂ ತಿಳಿಯದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಾವಿಬ್ಬರೂ ಇದ್ದ ಚಿಕ್ಕ ಆರೋಗ್ಯ ಕೇಂದ್ರಕ್ಕೆ ಖಜೂರಿ ಕಡೆಯ ಜಗದೇವಪ್ಪ ಎಂಬ ಹಿರಿಯರು ಕಾಲುನೋವೆಂದು ಬಂದರು. ಚೀಟಿಯ ಮೇಲೆ ಆ ಪದ ಗೀಚಿ, ಕಲಬುರಗಿಗೆ ಹೋಗಿ ಎಂದಷ್ಟೇ ಹೇಳಿ ನಾನು ಮುಂದಿನವರನ್ನು ಕರೆದೆ. ಸಾಲು ಉದ್ದವಿತ್ತು ಎಂಬುದು ನನ್ನ ನೆಪ.

ಅವರು ಅದನ್ನು ವಾತದ ಇಂಗ್ಲಿಷ್ ಹೆಸರೆಂದು ತಿಳಿದು, ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ಮನೆಯಲ್ಲಿ ಬಿಸಿ ಇಟ್ಟಿಗೆಯ ಶಾಖ ಕೊಟ್ಟುಕೊಳ್ಳತೊಡಗಿದರು. ಹತ್ತು ದಿನದ ಮೇಲೆ ನೋವಿನ ಗುಳಿಗೆ ಕೇಳಲು ಬಂದಾಗ ಕಾಲಿನ ಒಂದು ಬೆರಳು ಕಪ್ಪಾಗಿತ್ತು; ಇನ್ನು ತಡವಾದರೆ ಕಾಲೇ ಹೋಗುವಂತಿತ್ತು. ಸಿಸ್ಟರ್ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಜೊತೆಗೆ ಬಂದಿದ್ದ ಸೊಸೆ ಬಸವೇಶ್ವರಿಯ ಎರಡು ಬೆರಳನ್ನು ಮೊದಲು ಆಕೆಯದೇ ಪಾದದ ಮೇಲಿರಿಸಿ ನಾಡಿ ತೋರಿಸಿದರು. ಆಮೇಲೆ ಮಾವನ ಪಾದದ ಮೇಲಿರಿಸಿದರು. ಅಲ್ಲಿ ಏನೂ ಬಡಿಯಲಿಲ್ಲ.

"ಕಾಲಿಗಿ ರಕ್ತ ಹೋಗೋ ದಾರಿ ಕೆಟ್ಟದ ನೋಡ್ರಿ. ಚೀಟ್ಯಾಗ ಡಾಕ್ಟರ್ ಸಾಬ್ರು ಬರ್ದಿದ್ದು ಇದೇ ಅದ," ಎಂದರು.

ಮಾವ ಸೊಸೆ ಅಂದೇ ಕಲಬುರಗಿಗೆ ಹೊರಟರು. ಬೆರಳು ಹೋಯಿತು, ಕಾಲು ಉಳಿಯಿತು. ಮರಳಿ ಬಂದಾಗ ಸಿಸ್ಟರ್ ಸೊಸೆಗೆ ಇನ್ನೊಂದು ಮಾತು ಹೇಳಿದರು: "ಹಬ್ಬ ಹುಣ್ಣಿಮಿಗಿ ಹೆಂಗೂ ಕಾಲ ಮುಟ್ಟತೀರಿ. ಹಂಗೇ ಎರಡು ಬೆರಳು ಜರಾ ಹೊತ್ತು ಅಲ್ಲೇ ಇಡ್ರಿ." ಮರುವರ್ಷ ದಸರೆಯಲ್ಲಿ ಬನ್ನಿ ಕೊಟ್ಟು ನಮಸ್ಕರಿಸುವಾಗ ಮಾವನ ಇನ್ನೊಂದು ಕಾಲಿನ ಬಡಿತ ಕ್ಷೀಣಿಸಿದ್ದನ್ನು ಕಂಡುಹಿಡಿದವಳು ಬಸವೇಶ್ವರಿಯೇ. ಗಾಯವಾಗುವ ಮೊದಲೇ ಆ ಕಾಲಿಗೆ ಚಿಕಿತ್ಸೆ ಸಿಕ್ಕಿತು. ಅಂದಿನಿಂದ ನಾನು ಬಡಿತವಿಲ್ಲದ ಜಾಗ ಮುಟ್ಟಿಸದೆ ಆ ಪದ ಬರೆದಿಲ್ಲ.

ಸಿಸ್ಟರ್ ಮಾತ್ರ ಯಾರಿಗೂ ತಮ್ಮ ಕಾಲು ಮುಟ್ಟಲು ಬಿಡುವವರಲ್ಲ. ಬಾಗಿದರೆ ಸರಕ್ಕನೆ ಹಿಂದೆ ಸರಿಯುತ್ತಾರೆ. ಅವರಿಗೂ ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆಯಿದೆ. ನಡೆದರೆ ಮೀನಖಂಡ ಹಿಡಿಯುತ್ತದೆಂದು ಈಚೆಗೆ ನಗುತ್ತ ಹೇಳಿದರು. ಪರೀಕ್ಷಿಸೋಣವೆಂದರೆ ವಾರ್ಡಿನ ಕೆಲಸ ಮುಂದೆ ಮಾಡಿದರು. ನನಗೆ ಹೆದರಿಕೆಯಾಗಿದೆ.

ಅವರು ತುಂಬು ನೂರು ವರ್ಷ ಬಾಳಲಿ, ಬಿಡುವಿನ ದಿನಗಳಲ್ಲೂ ಮನೆಮನೆಯ ಸೊಸೆಯಂದಿರಿಗೆ ನಾಡಿ ತೋರಿಸುತ್ತಿರಲಿ ಎಂದು ಹಾರೈಸುತ್ತೇನೆ. ಈ ಅಭಿನಂದನ ಗ್ರಂಥವನ್ನು ಅವರಿಗೆ ಅರ್ಪಿಸುವ ದಿನ ವೇದಿಕೆಯ ಮೇಲೆ ನಾನು ಬಾಗಲಿದ್ದೇನೆ. ಅದೊಂದು ದಿನ ಮಾತ್ರ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಡಿ, ಸಿಸ್ಟರ್. ನನ್ನ ಎರಡು ಬೆರಳು ಅಲ್ಲಿ ಸ್ವಲ್ಪ ಹೊತ್ತು ಇರಬೇಕಾಗಿದೆ.