ಬಾಣಂತಿ ಕೋಣೆಯ ಹಸಿರು

ದೆವ್ವವೂ ಅಲ್ಲ, ಗಾಳಿಯೂ ಅಲ್ಲ; ಬಾಣಂತಿ ಕೋಣೆಯ ಗೋಡೆಯಲ್ಲಿ ಹಸಿರಾಗಿ ಹೊಳೆದದ್ದು ಚೇಳು. ಊರಿನವರು ಏನು ಬೇಕಾದರೂ ಹೇಳಿಕೊಳ್ಳಲಿ.

ಮಿಡಿಗೇಶಿಯ ನಮ್ಮ ಮಣ್ಣುಗೋಡೆಯ ಮನೆಗೆ ಮಗಳು ಮಂಜುಳಾ ಹೆರಿಗೆಗೆ ಬಂದಿದ್ದಳು. ಬಾಣಂತಿಗೆ ಗಾಳಿ ಬೆಳಕು ತಾಗಬಾರದೆಂದು ಕಿಟಕಿಗೆ ಗೋಣಿಚೀಲ ಬಡಿದು, ಒಂದು ಕೆಂಪು ಬಲ್ಬು ಇಳಿಬಿಟ್ಟವಳು ನಾನೇ. ನಡುಮಧ್ಯಾಹ್ನವೂ ಅಲ್ಲಿ ಬಾವಿಯೊಳಗಿನ ಕತ್ತಲೆ. ಮಧುಗಿರಿಯಲ್ಲಿ ಪಿಯುಸಿ ಓದುವ ನನ್ನ ಮಗನ ಮಗಳು ಪಲ್ಲವಿ, ಕಳ್ಳನೋಟು ಪತ್ತೆ ಮಾಡುವ ನೇರಳೆ ಟಾರ್ಚೊಂದನ್ನು ಶಿರಾ ಪೇಟೆಯಿಂದ ತಂದಿದ್ದವಳು, ಮಗು ನೋಡಲು ಬಂದು ಆಟಕ್ಕೆಂದು ಅದನ್ನು ಗೋಡೆಗೆ ಹಿಡಿದಳು. ತೊಟ್ಟಿಲಿನ ನೇರ ಮೇಲೆ, ಬಿರುಕಿನಲ್ಲಿ, ಹಸಿರು ಬೆಳಕೊಂದು ಮೆಲ್ಲಗೆ ಕದಲಿತು. ಅದರ ಪಕ್ಕ ಇನ್ನೊಂದು.

"ಅವ್ವಾ, ಯಾವ್ದೋ ಗಾಳಿ ಸೇರ್ಕೊಂಡದೆ! ನಾನೀಗ್ಲೇ ಹೊಂಟೋಯ್ತೀನಿ," ಎಂದು ಮಂಜುಳಾ ಮಗುವನ್ನು ಅವುಚಿಕೊಂಡು ಹಸಿಮೈಯಲ್ಲೇ ಎದ್ದಳು.

"ಸುಮ್ಕಿರೇ. ದೆವ್ವಕ್ಕೆ ಕೊಂಡಿ ಇರ್ತದಾ?" ಎಂದೆ, ಹಸಿರಿನ ಬಾಲ ಮೇಲಕ್ಕೆ ಬಾಗಿದ್ದನ್ನು ತೋರಿಸಿ.

ಟಾರ್ಚು ಆರಿಸಿ, ಕೆಂಪು ಬಲ್ಬನ್ನೇ ವೈರು ಸಮೇತ ಎಳೆದು ಬಿರುಕಿಗೆ ಹಿಡಿದೆ. ಗೋಡೆಯೆಲ್ಲ ಕೆಂಡದಂತಾಯಿತು, ಮಣ್ಣುಬಣ್ಣದ ಚೇಳು ಮಣ್ಣಿನಲ್ಲೇ ಕರಗಿಹೋಯಿತು. ಪಲ್ಲವಿಯ ಟಾರ್ಚಿನಿಂದ ಕಿರುಬೆರಳಿನಷ್ಟು ನೇರಳೆ ಬಿದ್ದೊಡನೆ ಮತ್ತೆ ಹಸಿರು.

"ಇಷ್ಟೊಂದು ಕೆಂಪು ಸುರುದ್ರೂ ಯಾಕೆ ಹೊಳೆಯಾಕಿಲ್ಲ?" ಎಂದು ಅವಳನ್ನು ಕೇಳಿದೆ.

"ಬೆಳಕು ಕಾಳು ಕಾಳಾಗಿ ಬರ್ತದೆ ಕಣಜ್ಜಿ. ಎಷ್ಟು ಬೇಗ ಮಿಡೀತದೋ ಅಷ್ಟು ಜೋರು ಒಂದೊಂದು ಕಾಳಿನ ಏಟು. ಕೆಂಪಿಂದು ಮಿಡಿತ ನಿಧಾನ, ರಾಶಿ ಸುರುದ್ರೂ ಒಂದಕ್ಕೂ ಕಸುವಿಲ್ಲ. ನೇರಳೇದು ಚೂರೇ ಬಿದ್ರೂ ಚೇಳಿನ ಚಿಪ್ಪು ಹೊಳೀತದೆ."

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇದು ತಲೆಗೆ ಹೋಯಿತು. ಹುಣಸೆಬೀಜದ ಮೇಲೆ ದಿನವಿಡೀ ಬುಟ್ಟಿಗಟ್ಟಲೆ ಹೊಟ್ಟು ಸುರಿದರೂ ಅದು ಒಡೆಯುವುದಿಲ್ಲ, ಸಣ್ಣ ಕಲ್ಲಿನ ಒಂದೇಟಿಗೆ ಒಡೆಯುತ್ತದೆ. ಅರ್ಥವಾದರೆ ಭಯ ಹೋಗುತ್ತದೆ ಅನ್ನುತ್ತಾರೆ. ನನಗೆ ಅರ್ಥವಾದ ಮೇಲೆಯೇ ಭಯ ಹತ್ತಿತು, ನೋಡಿ. ನಮ್ಮತ್ತೆ ಬಾಣಂತಿಯಾಗಿ ಮಲಗಿದ್ದು ಅದೇ ಗೋಡೆಯ ಕೆಳಗೆ, ನಾನೂ ಅಲ್ಲೇ. ನಮ್ಮ ಜೋಗುಳ ಕೇಳುತ್ತ ಅವು ಆಗಲೂ ತಲೆಯ ಮೇಲೆ ಹರಿದಾಡಿರಬೇಕು; ನಮ್ಮ ದೀಪಗಳಿಗೆ ಅವನ್ನು ಹೊಳೆಯಿಸುವ ಕಸುವಿರಲಿಲ್ಲ ಅಷ್ಟೆ. ಹಾಗಾದರೆ ಈ ನೇರಳೆಗೂ ಏಳದೆ, ಇದಕ್ಕಿಂತ ಬೇಗ ಮಿಡಿಯುವ ಇನ್ನಾವುದೋ ಬೆಳಕಿಗೆ ಕಾದು ಕೂತಿರುವುದು ಆ ಗೋಡೆಯಲ್ಲಿ ಮತ್ತೇನಿದೆಯೋ.

ಮಂಜುಳಾ ಹೋಗಲಿಲ್ಲ. ಮಗುವನ್ನು ತೊಡೆಯಿಂದ ಇಳಿಸಲೂ ಇಲ್ಲ.

ಮಾರನೆಯ ಬೆಳಿಗ್ಗೆ ತಾಯಿಯನ್ನೂ ಮಗುವನ್ನೂ ಜಗಲಿಯ ಬಿಸಿಲಿಗೆ ತಂದು ಕೂರಿಸಿದೆ. ಬಾಣಂತಿಯನ್ನು ಬೀದಿಗೆ ಹಾಕಿದಳೆಂದು ನೆರೆಯವರು ಬೈದರು. ಹಾರೆ ಹಿಡಿದು ಒಳಗೆ ಹೋಗಿ ಆ ಗೋಡೆಗೆ ಮೊದಲ ಏಟು ಹಾಕಿದೆ.